ಕ್ವಿಬೆಕ್‌ನ ಕೌಬಾಯ್: ವಿಲ್ಲಿ ಲಾಮೋತ್ ಕಂಟ್ರಿಯನ್ನು ಫ್ರೆಂಚಿಗೆ ಒಗ್ಗಿಸಿದ್ದು

ಕಂಟ್ರಿ ಎಂದರೆ ಅಮೆರಿಕದ ಹಳ್ಳಿಗಾಡಿನ ಹಾಡಿನ ಶೈಲಿ. ಕೆನಡಾದ, ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದಲ್ಲಿ ಫ್ರೆಂಚ್ ಕಂಟ್ರಿ ಹಾಡಿಗೆ ದಾರಿ ಮಾಡಿದವರಲ್ಲಿ ಗಾಯಕ ವಿಲ್ಲಿ ಲಾಮೋತ್ ಮೊದಲಿಗರೇನಲ್ಲ. 1942ರಲ್ಲೇ ಸೈನಿಕ ರೋಲಾಂ ಲೆಬ್ರಂ ಗಿಟಾರ್ ಹಿಡಿದು, ಯುದ್ಧಕ್ಕೆ ಹೊರಟವರ ಅಗಲಿಕೆಯನ್ನು ಹಾಡಿ ಮುದ್ರಿಸಿದ್ದರು. ಲೆಬ್ರಂ ಅವರದು ಅಳುವಿನ ದನಿ. 1920ರಲ್ಲಿ ಹುಟ್ಟಿದ ಲಾಮೋತ್ 1946ರಲ್ಲಿ ಧ್ವನಿಮುದ್ರಣ ಕಂಪನಿ ಆರ್‌ಸಿಎ ವಿಕ್ಟರ್‌ಗೆ ಹಾಡಲು ಬಂದಾಗ ತಂದದ್ದು ಕುಣಿತ, ನಗು, ಅಮೆರಿಕದ ಗಾಯಕ-ನಟ ಜೀನ್ ಆಟ್ರಿಯಂಥ ಕೌಬಾಯ್ ಠೀವಿ.

ಟೊಪ್ಪಿಗೆ, ಬೂಟು ತೊಡುವುದು ಸುಲಭ. ಭಾಷೆಯೇ ತೊಡಕು. ಇಂಗ್ಲಿಷಿನಲ್ಲಿ ಒತ್ತು ಸಾಲಿನ ನಡುವೆಯೂ ಬೀಳುತ್ತದೆ. ಫ್ರೆಂಚಿನಲ್ಲಿ ಪದಗುಚ್ಛದ ಕೊನೆಗೆ ಬೀಳುತ್ತದೆ. ಇಂಗ್ಲಿಷ್ ಹಾಡನ್ನು ಪದಕ್ಕೆ ಪದ ಇಟ್ಟು ಹಾಡಿದರೆ ಗಿಟಾರಿನ ಗಟ್ಟಿ ಪೆಟ್ಟು ಅರ್ಥವಿಲ್ಲದ ಪುಟ್ಟ ಪದದ ಮೇಲೆ ಕೂತು ಸಾಲು ಕುಂಟುತ್ತದೆ. ಪುಟ್ಟ ಪದಗಳನ್ನು ತಾಳ ಶುರುವಾಗುವ ಮುನ್ನವೇ ಹಾಡಿ ಮುಗಿಸಿ, ಗುಚ್ಛದ ಕೊನೆಯ ಅಕ್ಷರವನ್ನು ಮೊದಲ ಪೆಟ್ಟಿಗೆ ತಂದು ನಿಲ್ಲಿಸಬೇಕು. ಮೂರೆಣಿಕೆಯ ವಾಲ್ಟ್ಸ್ ಕುಣಿತದ ಲಯದಲ್ಲಿ ಇದು ಚೆನ್ನಾಗಿ ಕೂರುತ್ತದೆ: ಒಂದಕ್ಕೆ ಹೆಬ್ಬೆರಳು ಮಂದ್ರದ ತಂತಿಗೆ, ಎರಡು-ಮೂರಕ್ಕೆ ಉಳಿದ ತಂತಿಗಳ ಮೇಲೆ ಸವರು.

ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. ಉದ್ದದ ವಾದ್ಯಭಾಗಕ್ಕೆ ಅಲ್ಲಿ ಜಾಗವಿಲ್ಲ. ನಾಲ್ಕು ಸುತ್ತಿನ ಯೋಡ್ಲಿಂಗ್ ಸಾಕು. ಕಿಶೋರ್ ಕುಮಾರ್ ಹಾಡುಗಳಿಂದ ನಮಗೂ ಪರಿಚಯವಿರುವ ವರಸೆ ಅದು. ಎದೆಯ ದನಿಯಿಂದ ಕಳ್ಳದನಿಗೆ ನೆಗೆಯುವಾಗ ಗಂಟಲು ಒಡೆಯುವುದು ಕೇಳಿಸಲೇಬೇಕು. ಅದನ್ನು ನಯವಾಗಿ ಜಾರಿಸಿದರೆ ಉಳಿಯುವುದು ಬರೀ ಆಲಾಪ.

1970ರಿಂದ 1976ರವರೆಗೆ ಲಾಮೋತ್ ತೆಲೆ-ಮೆಟ್ರೊಪೋಲ್ ಟೀವಿ ವಾಹಿನಿಯಲ್ಲಿ ಗಿಟಾರ್ ವಾದಕ ಬಾಬಿ ಹ್ಯಾಚಿ ಜೊತೆ ‘ಲ ರಾಂಚ್ ಆ ವಿಲ್ಲಿ’ ಕಾರ್ಯಕ್ರಮ ನಡೆಸಿಕೊಟ್ಟರು. ನಡುವೆ 1973ರಲ್ಲಿ ನಿರ್ದೇಶಕ ಜಿಲ್ ಕಾರ್ಲ್ ಅವರ ಚಿತ್ರವೊಂದರ ಪೋಷಕ ಪಾತ್ರಕ್ಕೆ ಕೆನಡಾದ ಚಲನಚಿತ್ರ ಪ್ರಶಸ್ತಿಯೂ ಬಂತು. ನನ್ನ ಮಟ್ಟಿಗೆ ಅವರ ಹಿರಿಮೆ ಇರುವುದು ಹಾಡಿನಲ್ಲೇ. 1978ರಲ್ಲಿ ಪಾರ್ಶ್ವವಾಯು ಆ ದನಿಯನ್ನು ನಿಲ್ಲಿಸಿತು. 1992ರಲ್ಲಿ ಕ್ವಿಬೆಕ್‌ನ ಸೇಂತ್-ಯಾಸಿಂತ್‌ನಲ್ಲಿ ತೀರಿಕೊಂಡರು.

ಲಾಮೋತ್ ಹಾಡಿದ, ಇಂದಿಗೂ ಜನ ಹಾಡಿಕೊಳ್ಳುವ ‘ಮಿಲ್ ಆಪ್ರೆ ಮಿಲ್’ ಬರೆದವರು ಜೆರಾಲ್ಡ್ ಜೋಲಿ. ಮೈಲಿಯ ಮೇಲೆ ಮೈಲಿ ಎಂದರ್ಥ. ಅದರಲ್ಲಿ ಕುದುರೆಯೂ ಇಲ್ಲ, ಕೌಬಾಯ್ ಕೂಡ ಇಲ್ಲ, ಮುಗಿಯದ ರಸ್ತೆ ಮಾತ್ರ. ಮೊದಲ ‘ಮಿಲ್’ನ ಕೊನೆಯ ಸ್ವರ ಲೋಪವಾಗಿ ಮುಂದಿನ ಪದಕ್ಕೆ ಅಂಟಿ ‘ಮಿಲಾಪ್ರೆ’ ಆಗುತ್ತದೆ. ಭಾರವೆಲ್ಲ ಎರಡನೆಯ ‘ಮಿಲ್’ ಮೇಲೆ.