ಹಳೆಯ ಪಹಣಿಯಲ್ಲಿ ‘ತರಿ’ ಎಂದಿದ್ದರೆ

ಮನೆ ಕೊಳ್ಳುವವರು ದಾಖಲೆಗಳ ಕಡತ ಹಿಡಿದು ನನ್ನ ಕಚೇರಿಗೆ ಬರುವ ಹೊತ್ತಿಗೆ ಸಾಮಾನ್ಯವಾಗಿ ಮುಂಗಡ ಕೊಟ್ಟಾಗಿರುತ್ತದೆ. ಆ ಬಡಾವಣೆಯನ್ನೇ ಏಕೆ ಆರಿಸಿದಿರಿ ಎಂದು ಕೇಳಿದರೆ ಮೆಟ್ರೋ ನಿಲ್ದಾಣ, ಮಕ್ಕಳ ಶಾಲೆ, ಕಚೇರಿಯ ದೂರ ಇವನ್ನೆಲ್ಲ ವಿವರವಾಗಿ ಹೇಳುತ್ತಾರೆ. ಅವರವರ ಅನುಕೂಲ ಅವರಿಗೇ ಗೊತ್ತು. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಜೋರು ಮಳೆ ಬಂದಾಗ ಆ ಬೀದಿಯ ನೀರು ಎತ್ತ ಹರಿಯುತ್ತದೆ ಎಂಬ ಪ್ರಶ್ನೆಗೆ ಮಾತ್ರ, “ಎ ಖಾತಾ ಇದೆ ಸರ್, ಬ್ಯಾಂಕಿನವರೂ ಸಾಲಕ್ಕೆ ಒಪ್ಪಿದ್ದಾರೆ” ಎಂಬ ಉತ್ತರ ಬರುತ್ತದೆ.

ಖಾತೆ ತೆರಿಗೆಗೆ ಸಂಬಂಧಿಸಿದ ದಾಖಲೆ. ಋಣಭಾರ ಪತ್ರ ಆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತಿಳಿಸುತ್ತದೆ. ನೆಲ ತಗ್ಗಿನಲ್ಲಿದೆಯೇ ಎಂಬುದನ್ನು ಇವೆರಡೂ ಹೇಳುವುದಿಲ್ಲ. ಹಕ್ಕಿನಲ್ಲಿ ಒಂದು ದೋಷವೂ ಇಲ್ಲದ ನಿವೇಶನ ನೀರಿನ ಹಾದಿಯಲ್ಲೇ ಇರಬಹುದು.

ಬೆಂಗಳೂರಿನ ಮಳೆನೀರು ಮುಖ್ಯವಾಗಿ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳಿಗೆ ಇಳಿಯುತ್ತದೆ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ, ಅಂದರೆ ಹೆಚ್ಚಾದ ನೀರು ಹೊರಹರಿದರೆ, ಅದು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರಗೆ ಕರೆತಂದದ್ದನ್ನು ಎಲ್ಲರೂ ನೋಡಿದ್ದೇವೆ.

ಆದ್ದರಿಂದ ಭೂಪರಿವರ್ತನೆಗೆ, ಅಂದರೆ ಕೃಷಿ ಜಮೀನು ನಿವೇಶನವಾಗುವುದಕ್ಕೆ, ಹಿಂದಿನ ಪಹಣಿಗಳನ್ನು (ಜಮೀನಿನ ಹಕ್ಕು, ಬೆಳೆಗಳ ದಾಖಲೆ) ಕೇಳಿ ಪಡೆಯಿರಿ ಎಂದು ಬಂದವರಿಗೆಲ್ಲ ಒತ್ತಿ ಹೇಳುತ್ತೇನೆ. ಅದರಲ್ಲಿ ಜಮೀನು ಖುಷ್ಕಿಯೋ (ಮಳೆಯಾಶ್ರಿತ), ತರಿಯೋ, ಬಾಗಾಯ್ತೋ (ತೋಟ) ಎಂದು ನಮೂದಾಗಿರುತ್ತದೆ. ನಮ್ಮ ಕಡೆ ತರಿ ಎಂದರೆ ಬಹುಮಟ್ಟಿಗೆ ಕೆರೆಯ ನೀರುಂಡ ಗದ್ದೆ, ಅಂದರೆ ಕೆರೆಯ ಏರಿಯ (ಮಣ್ಣಿನ ಕಟ್ಟೆಯ) ಕೆಳಗಿನ ಜಾಗ. ಗ್ರಾಮ ನಕಾಶೆಯಲ್ಲಿ ಹಳ್ಳದ ಗೆರೆ ಎಲ್ಲಿ ಹಾದಿದೆ ಎಂದು ನೋಡಿ. ನಿವೇಶನದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರ್ ಸಿಗುತ್ತದೆ. ತರಿ ಎಂದಿದ್ದ ಮಾತ್ರಕ್ಕೆ ಮನೆ ಮುಳುಗಿಯೇ ತೀರುತ್ತದೆ ಎಂದು ನಾನು ಹೇಳಲಾರೆ, ಏಕೆಂದರೆ ನೆಲ ಎತ್ತರಿಸಿರಬಹುದು, ಕಾಲುವೆ ಅಗಲಿಸಿರಬಹುದು; ಅದನ್ನು ಎಂಜಿನಿಯರೊಬ್ಬರು ಮಟ್ಟ ನೋಡಿ ಹೇಳಬೇಕು. ಕೆರೆ, ಕಾಲುವೆಗಳಿಂದ ಬಿಡಬೇಕಾದ ಅಂತರವೂ 2016ರ ಹಸಿರು ನ್ಯಾಯಮಂಡಳಿಯ ಆದೇಶ, ಅದನ್ನು ರದ್ದುಪಡಿಸಿದ 2019ರ ಸುಪ್ರೀಂ ಕೋರ್ಟ್ ತೀರ್ಪು ಎಂದು ಬದಲಾಗುತ್ತ ಬಂದಿರುವುದರಿಂದ, ನಿಮ್ಮ ಸರ್ವೆ ನಂಬರಿಗೆ ಇಂದು ಅನ್ವಯಿಸುವುದು ಯಾವುದೆಂದು ಪ್ರತ್ಯೇಕವಾಗಿ ವಿಚಾರಿಸಬೇಕು.

ಇಷ್ಟು ಹೇಳಿದ ಮೇಲೂ ಬರುವ ಮಾತೊಂದಿದೆ: “ಅಲ್ಲಿ ಈಗ ಕೆರೆಯೇ ಇಲ್ಲವಲ್ಲ ಸರ್!” ನನ್ನ ತಾಳ್ಮೆ ತಪ್ಪುವುದು ಇಲ್ಲಿಯೇ. ಕೆರೆಯನ್ನು ಮುಚ್ಚಬಹುದು, ಇಳಿಜಾರನ್ನು ಮುಚ್ಚಲಾಗದು. ಮೆಜೆಸ್ಟಿಕ್ ಬಸ್ ನಿಲ್ದಾಣವಿರುವಲ್ಲಿ ಧರ್ಮಾಂಬುಧಿ ಕೆರೆಯಿತ್ತು, ಕಂಠೀರವ ಕ್ರೀಡಾಂಗಣವಿರುವಲ್ಲಿ ಸಂಪಂಗಿ ಕೆರೆಯಿತ್ತು; ಕೆರೆ ಹೋಯಿತೆಂದು ಸುತ್ತಲಿನ ಮಳೆನೀರು ಅತ್ತ ಇಳಿಯುವುದನ್ನು ಬಿಡುವುದಿಲ್ಲ. ಮೊದಲು ಆ ನೀರು ನಿಲ್ಲಲು ಪಾತ್ರವಾದರೂ ಇತ್ತು. ಈಗ ಅದು ಹುಡುಕಿಕೊಂಡು ಹೋಗುವುದು ನೆಲಮಾಳಿಗೆಯ ಪಾರ್ಕಿಂಗನ್ನು.

ಹೀಗೆಯೇ ವಾದಿಸಿದ್ದ ಶಿಕ್ಷಕಿಯೊಬ್ಬರು ಮುಂದಿನ ವಾರ ಮಂಡ್ಯದ ಕಡೆಯ ರೈತರಾದ ತಮ್ಮ ಮಾವನವರನ್ನು ನಿವೇಶನ ತೋರಿಸಲು ಕರೆದೊಯ್ದರು. ಆ ಹಿರಿಯರು ಪತ್ರಗಳನ್ನು ಮುಟ್ಟಲೇ ಇಲ್ಲವಂತೆ. ಪಕ್ಕದ ರಸ್ತೆ ಉಳಿದ ನೆಲಕ್ಕಿಂತ ಆಳೆತ್ತರ ಮೇಲಿರುವುದನ್ನು ನೋಡಿ, “ಇದು ಏರಿ ಕಣಮ್ಮ. ಇದರ ಕೋಡಿ ಎಲ್ಲಿ?” ಎಂದು ಕೇಳಿದರಂತೆ. ದಲ್ಲಾಳಿಗೆ ಆ ಪದವೇ ತಿಳಿಯಲಿಲ್ಲ. ಹಿರಿಯರೇ ಏರಿಯ ಗುಂಟ ನಡೆದುಹೋಗಿ, ಟ್ರಾನ್ಸ್‌ಫಾರ್ಮರಿನ ಹಿಂದೆ ಪೊದೆಯೊಳಗೆ ನಿಂತಿದ್ದ ಎರಡು ತೂಬಿನ (ಕೆರೆಯ ನೀರನ್ನು ಗದ್ದೆಗೆ ಬಿಡುವ ಕಿಂಡಿಯ) ಕಲ್ಲುಗಳನ್ನು ಸೊಸೆಗೆ ತೋರಿಸಿದರು. ನಿವೇಶನ ಆ ಕಲ್ಲುಗಳಿಗೆ ನೇರ ಕೆಳಗಿತ್ತು. ಶಿಕ್ಷಕಿ ವ್ಯವಹಾರ ಬಿಟ್ಟರು. ಮುಂಗಡದಲ್ಲಿ ಅರ್ಧವನ್ನಷ್ಟೇ ವಾಪಸು ಕೊಡಿಸಲು ನನ್ನಿಂದ ಸಾಧ್ಯವಾಯಿತು.