ಪುಸ್ತಕ ಮೊದಲು ಬಂತು, ಸಭೆ ಬಹಳ ತಡವಾಗಿ: ಮಲೆನಾಡಿನ ಹಳ್ಳಿಗಳಲ್ಲಿ ಬ್ಯಾಪ್ಟಿಸ್ಟರು

ಶಿವಮೊಗ್ಗ ಸೀಮೆಯ ಹಳ್ಳಿಯೊಂದರಲ್ಲಿ ಹತ್ತಾರು ಮನೆಯವರು ಸೇರಿ, ಪ್ರಾಟೆಸ್ಟಂಟ್ ಕ್ರೈಸ್ತರದೇ ಒಂದು ಪಂಥವಾದ ಬ್ಯಾಪ್ಟಿಸ್ಟರ ಹೆಸರಿನಲ್ಲಿ ‘ಬ್ಯಾಪ್ಟಿಸ್ಟ್ ಸಭೆ’ ಎಂದು ಬೋರ್ಡು ಬರೆಸಿದರೆ, ಊರವರ ಬಾಯಲ್ಲಿ ಅದು ‘ಹೊಸ ಚರ್ಚು’ ಆಗುತ್ತದೆ. ಆದರೆ ಕನ್ನಡದ ಜೊತೆ ಬ್ಯಾಪ್ಟಿಸ್ಟರ ನಂಟು ಇನ್ನೂರು ವರ್ಷಗಳಷ್ಟು ಹಳೆಯದು. ಬಂಗಾಳದ ಸೆರಾಂಪುರದಲ್ಲಿದ್ದ ಬ್ಯಾಪ್ಟಿಸ್ಟ್ ಮಿಶನರಿ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣವನ್ನು ಅಚ್ಚು ಹಾಕಿಸಿದ್ದ. ಅದಕ್ಕೂ ಮೊದಲು, 1812ರ ಮಾರ್ಚ್ ತಿಂಗಳಲ್ಲಿ ಅಲ್ಲಿನ ಮುದ್ರಣಾಲಯಕ್ಕೆ ಬೆಂಕಿ ಬಿದ್ದಾಗ ಸುಟ್ಟುಹೋದ ಹಸ್ತಪ್ರತಿಗಳಲ್ಲಿ ಕನ್ನಡ ಹೊಸ ಒಡಂಬಡಿಕೆಯ ಅನುವಾದವೂ ಸೇರಿತ್ತು. ಅದು ಮತ್ತೆ ಸಿದ್ಧವಾಗಿ 1820ರ ದಶಕದಲ್ಲಿ ಅಚ್ಚಾಯಿತು. ಕನ್ನಡ ನಾಡಿನಲ್ಲಿ ಹೆಸರಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದಿಳಿದದ್ದು ಅದಾದ ಮೇಲೆ, 1834ರಲ್ಲಿ.

ಹಾಗಿದ್ದೂ ಘಟ್ಟದ ಮೇಲಿನ ಹಳ್ಳಿಗಳಿಗೆ ಬ್ಯಾಪ್ಟಿಸ್ಟರು ಬರಲು ಏಕೆ ಇಷ್ಟು ತಡವಾಯಿತು? ಒಂದು ಕಾರಣ, ಮಿಶನ್ನುಗಳು ಒಂದರ ಸೀಮೆಗೆ ಇನ್ನೊಂದು ಕಾಲಿಡಬಾರದೆಂದು ಮಾಡಿಕೊಂಡಿದ್ದ ಒಪ್ಪಂದ. ಧಾರವಾಡ, ಹುಬ್ಬಳ್ಳಿ ಮತ್ತು ಕರಾವಳಿ ಬಾಸೆಲ್‌ನವರಿಗೆ, ಬಳ್ಳಾರಿ ಲಂಡನ್ ಮಿಶನ್ನಿಗೆ, ಶಿವಮೊಗ್ಗವೂ ಸೇರಿದಂತೆ ಮೈಸೂರು ಸಂಸ್ಥಾನದ ಬಹುಭಾಗ ವೆಸ್ಲಿಯನ್ (ಮೆಥಡಿಸ್ಟ್) ಮಿಶನ್ನಿನವರಿಗೆ ಎಂದಾದ ಮೇಲೆ ಬ್ಯಾಪ್ಟಿಸ್ಟರ ಪಾಲಿಗೆ ದಕ್ಕಿದ್ದು ತೆಲುಗು ಸೀಮೆ. ಅಲ್ಲಿ, ಓಂಗೋಲು ಕಡೆಯ ಗುಂಡ್ಲಕಮ್ಮ ನದಿಯಲ್ಲಿ, 1878ರ ಜುಲೈ 3ರಂದು ಒಂದೇ ದಿನ 2,222 ಜನ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಪಡೆದರು. ಮಲೆನಾಡು ಅಂಥದ್ದನ್ನು ಕಂಡದ್ದಿಲ್ಲ.

ಇಲ್ಲಿನ ಹಳೆಯ ಚರ್ಚುಗಳು ಬಹುಮಟ್ಟಿಗೆ ವಲಸೆ ಬಂದ ಜನರ ಜೊತೆಯಲ್ಲಿಯೇ ಬಂದವು. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಕಾಫಿ ತೋಟಗಳ ಕೆಲಸಕ್ಕೆ ಘಟ್ಟ ಹತ್ತಿದರು; 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದಾಗ ತಮಿಳು ಕುಟುಂಬಗಳು, ಆಮೇಲೆ ಕೇರಳದ ಕೃಷಿಕರು ಬಂದರು. ಬ್ಯಾಪ್ಟಿಸ್ಟ್ ಸಭೆ ಹೀಗೆ ಗಂಟುಮೂಟೆಯೊಡನೆ ಬರುವಂಥದ್ದಲ್ಲ. ಅದರಲ್ಲಿ ಶಿಶುಗಳಿಗೆ ದೀಕ್ಷಾಸ್ನಾನವಿಲ್ಲ. ವಿಶ್ವಾಸಿಗಳ ಮನೆಯಲ್ಲಿ ಹುಟ್ಟಿದವರೂ ತಿಳಿವಳಿಕೆ ಬಂದ ಮೇಲೆ ತಾವೇ ಕೇಳಿಕೊಂಡು, ನೀರಿನಲ್ಲಿ ಪೂರ್ತಿ ಮುಳುಗಿ ಎದ್ದ ಬಳಿಕವಷ್ಟೇ ಸಭೆಯ ಸದಸ್ಯರಾಗುತ್ತಾರೆ. ಬಿಷಪ್ಪರಿಲ್ಲ. ಸಭಾಪಾಲಕರನ್ನು ಕರೆಯುವುದು, ಬೇಡವೆಂದರೆ ಬಿಡುವುದು, ಕಾಣಿಕೆ ಹಣದ ಲೆಕ್ಕ ನೋಡುವುದು ಎಲ್ಲವೂ ಆ ಸದಸ್ಯರ ಕೂಟದ್ದೇ. 1947ರಲ್ಲಿ ಹಲವು ಪ್ರಾಟೆಸ್ಟಂಟ್ ಪಂಥಗಳು ಒಂದುಗೂಡಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ರೂಪುಗೊಂಡಾಗ ಬ್ಯಾಪ್ಟಿಸ್ಟರು ಅದರೊಳಗೆ ಬರಲಿಲ್ಲ; ಬಿಷಪ್ಪರ ಆಡಳಿತವನ್ನೂ ಶಿಶು ದೀಕ್ಷಾಸ್ನಾನವನ್ನೂ ಒಪ್ಪಿಕೊಂಡ ಕೂಟದಲ್ಲಿ ಅವರಿಗೆ ಜಾಗ ಸಿಗುವುದು ಕಷ್ಟವೇ ಆಗಿತ್ತು.

ಕರ್ನಾಟಕದಲ್ಲಿ ಅವರ ಕೆಲಸಕ್ಕೆ ಬಲ ಬಂದದ್ದು ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರು 1973ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಆಸ್ಪತ್ರೆ ತೆರೆದ ಮೇಲೆ. ಸಭೆಯ ಸ್ವಾತಂತ್ರ್ಯವನ್ನು ಇಷ್ಟು ಎತ್ತಿಹಿಡಿಯುವ ಪಂಥದಲ್ಲಿಯೂ ಹಳ್ಳಿಯ ಪಾಸ್ಟರ ಸಂಬಳ ದೂರದ ಊರಿನಿಂದ ಬರುವಷ್ಟು ದಿನ ತೀರ್ಮಾನವೂ ಅಲ್ಲಿಂದಲೇ ಬರುತ್ತದೆ ಎಂಬುದನ್ನು ಹೇಳದೆ ಬಿಡುವುದು ಸರಿಯಲ್ಲ.

ಕೂಲಿ ಮಾಡುವವರೇ ಹೆಚ್ಚಿರುವ ಸಭೆ ತನ್ನ ಕಾಲ ಮೇಲೆ ನಿಲ್ಲುವುದು ಸುಲಭವೂ ಅಲ್ಲ. ಮಲೆನಾಡಿನಲ್ಲಿ ಊರೆಂದರೆ ಗುಡ್ಡಕ್ಕೊಂದು ಮನೆ. ಅಡಿಕೆ ಕೊಯ್ಲು ಶುರುವಾದರೆ ಭಾನುವಾರ ರಜೆಯೆಂಬುದಿಲ್ಲ. ಹೆಂಗಸರು ರಾತ್ರಿ ಬಹಳ ಹೊತ್ತಿನವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಾರೆ, ಪ್ರಾರ್ಥನೆ ಕೂಟ ಅವರ ಬಿಡುವಿಗೆ ಕಾಯಬೇಕು. ಮಳೆಗಾಲದಲ್ಲಿ ಕೆಂಪು ನೀರು ತುಂಬಿ ಹರಿಯುವ ಹೊಳೆಗೆ ಇಳಿಯುವಂತಿಲ್ಲವಾದ್ದರಿಂದ ದೀಕ್ಷಾಸ್ನಾನ ನೀರು ತಿಳಿಯಾಗುವವರೆಗೆ ಮುಂದೆ ಹೋಗುತ್ತದೆ.

ಇನ್ನು ಕಾಗದದ ಪ್ರಶ್ನೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಉಳಿಯುವುದಿಲ್ಲ. ರಾಜ್ಯದಲ್ಲಿ ಅವರು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಸೇರುತ್ತಾರೆ. ಮಕ್ಕಳ ಜಾತಿ ಪ್ರಮಾಣಪತ್ರದ ಚಿಂತೆಯಿಂದ ಹೊಳೆಯ ದಡದವರೆಗೆ ಬಂದು ನಿಂತವರನ್ನು ಹೇಡಿಗಳೆನ್ನಲು ನನಗೆ ಮನಸ್ಸಿಲ್ಲ. ಇದರ ಮೇಲೆ 2022ರ ಮತಾಂತರ ಕಾಯ್ದೆ ಬಂತು: ಮತ ಬದಲಿಸುವವರೂ ಅದನ್ನು ನೆರವೇರಿಸುವವರೂ 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕೆಂದು ಅದು ವಿಧಿಸಿತು. 2023ರ ಜೂನ್‌ನಲ್ಲಿ ಅದನ್ನು ಹಿಂಪಡೆಯಲು ರಾಜ್ಯ ಸಂಪುಟ ನಿರ್ಧರಿಸಿತು.

ಆದರೂ ಸಣ್ಣ ಸಭೆಯೊಂದು ಊರಿನ ಕಣ್ಣೆದುರು ನಿಲ್ಲಬೇಕಾಗುವುದು ಮೊದಲ ಸಾವಿನ ದಿನ. ಆರಾಧನೆಗೆ ಯಾರದೋ ಮನೆಯ ಜಗಲಿ ಸಾಕು, ಹೆಣಕ್ಕೆ ಅದು ಸಾಲದು. ಜಾತಿಯ ಸ್ಮಶಾನದಲ್ಲಿ ನೆಂಟರು ತಮ್ಮ ಪದ್ಧತಿಯೇ ನಡೆಯಲಿ ಎನ್ನುತ್ತಾರೆ, ಪೇಟೆಯ ಚರ್ಚಿನ ಸ್ಮಶಾನ ಅದರ ಸದಸ್ಯರಿಗೆ ಮೀಸಲು. ಕಟ್ಟಡದ ಮಾತನ್ನು ವರ್ಷಗಟ್ಟಲೆ ಮುಂದೂಡಿದ ಸಭೆಯವರು ಆಗ ತಹಶೀಲ್ದಾರರಿಗೆ ಅರ್ಜಿ ಬರೆಯುತ್ತಾರೆ: ಇಂಥ ಸರ್ವೆ ನಂಬರಿನ ಸರ್ಕಾರಿ ಜಾಗದಲ್ಲಿ ಕೆಲವು ಗುಂಟೆ, ಹೂಳುವುದಕ್ಕೆ.