ಚೆಕ್ ಎಂಜಿನ್ ದೀಪ: ಹಳೆಯ ಮಜ್ದಾ ಎಂಎಕ್ಸ್-5ರಲ್ಲಿ ಕೋಡ್ 15, ಕೋಡ್ 17

ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿದರೆ ಇಂಥ ಬಿಡಿಭಾಗ ಕೆಟ್ಟಿದೆ ಎಂದು ಅರ್ಥವಲ್ಲ. ಯಾವುದೋ ಒಂದು ಸರ್ಕ್ಯೂಟಿನಿಂದ ಬರುವ ಸಿಗ್ನಲ್ ಕಂಪ್ಯೂಟರಿಗೆ ಸರಿ ಕಾಣುತ್ತಿಲ್ಲ, ಅಷ್ಟೇ. ಈ ವ್ಯತ್ಯಾಸ ಮನಸ್ಸಿನಲ್ಲಿ ಕೂತರೆ ಮುಂದಿನದೆಲ್ಲ ಸುಲಭ. ಅದಕ್ಕೆ 1989ರಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಹೊರಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಒಳ್ಳೆಯ ಪಾಠ. ಇಲ್ಲಿ ನೋಡುವುದು ಅಮೆರಿಕದಲ್ಲಿ ಮಾರಾಟವಾದ 1990–93ರ 1.6 ಲೀಟರ್ ಮಾದರಿ. ಇದಕ್ಕೆ ಸ್ಕ್ಯಾನರ್ ಬೇಡ, ಒಂದು ತುಂಡು ವೈರು ಸಾಕು.

ಮೊದಲು ದೀಪವನ್ನೇ ಪರೀಕ್ಷಿಸಿ. ಕೀ ಆನ್ ಮಾಡಿದಾಗ ಅದು ಹತ್ತಬೇಕು, ಎಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಕೀ ತಿರುಗಿಸಿದರೂ ಹತ್ತದಿದ್ದರೆ ಬಲ್ಬನ್ನೋ ವೈರಿಂಗನ್ನೋ ನೋಡಬೇಕು.

ಬಾನೆಟ್ ಎತ್ತಿದರೆ ಡ್ರೈವರ್ ಕೂರುವ ಎಡಭಾಗದಲ್ಲಿ 'ಡಯಾಗ್ನೋಸಿಸ್' ಎಂದು ಬರೆದ ಪ್ಲಾಸ್ಟಿಕ್ ಡಬ್ಬಿ ಇದೆ. ಅದರ ಮುಚ್ಚಳದ ಒಳಗೆ ಪಿನ್ನುಗಳ ಹೆಸರಿವೆ. ಟಿಇಎನ್ ಮತ್ತು ಜಿಎನ್‌ಡಿ ಪಿನ್ನುಗಳನ್ನು ವೈರಿನಿಂದ ಸೇರಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ. ದೀಪ ಮಿನುಗತೊಡಗುತ್ತದೆ: ಉದ್ದ ಮಿನುಗು ಹತ್ತರ ಸ್ಥಾನ, ಗಿಡ್ಡ ಮಿನುಗು ಬಿಡಿ ಸ್ಥಾನ. ಒಂದು ಉದ್ದ, ಐದು ಗಿಡ್ಡ ಬಂದರೆ 15. ಇದೇ ಕೋಡ್, ಅಂದರೆ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಸಂಖ್ಯೆ.

15 ಎಂದರೆ ಎಂಜಿನ್ನಿನ ಹೊಗೆಯಲ್ಲಿ ಉಳಿದ ಆಕ್ಸಿಜನ್ ಗುರುತಿಸುವ ಆಕ್ಸಿಜನ್ ಸೆನ್ಸರಿನಿಂದ ಸರಿಯಾದ ಸಿಗ್ನಲ್ ಬರುತ್ತಿಲ್ಲ. 17 ಎಂದರೆ ಸಿಗ್ನಲ್ ಇದೆ, ಆದರೆ ಏರಿಳಿಯುತ್ತಿಲ್ಲ. ಹೆಚ್ಚಿನವರು ಇಲ್ಲೇ ಹೊಸ ಸೆನ್ಸರ್ ಕೊಳ್ಳಲು ಹೊರಡುತ್ತಾರೆ. ದಯವಿಟ್ಟು ತಡೆಯಿರಿ, ಇದು ದುಡ್ಡು ಪೋಲಾಗುವ ಜಾಗ.

ಈ ಸೆನ್ಸರ್ ಜಿರ್ಕೋನಿಯಾದ್ದು. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದ ಮೇಲೆಯೇ ಕೆಲಸ ಶುರು. ಹೊಗೆಯಲ್ಲಿ ಆಕ್ಸಿಜನ್ ಉಳಿದಿದ್ದರೆ, ಅಂದರೆ ಪೆಟ್ರೋಲ್ ಕಡಿಮೆಯಾಗಿದ್ದರೆ, ಸುಮಾರು 0.1 ವೋಲ್ಟ್ ಕೊಡುತ್ತದೆ. ಪೆಟ್ರೋಲ್ ಹೆಚ್ಚಾಗಿದ್ದರೆ ಸುಮಾರು 0.9. ಎಲ್ಲ ಸರಿಯಿದ್ದಾಗ ಇವೆರಡರ ನಡುವೆ ಓಲಾಡುತ್ತಲೇ ಇರಬೇಕು. 1.6 ಮಾದರಿಯಲ್ಲಿ ಇದಕ್ಕೆ ಒಂದೇ ವೈರು, ಹೀಟರ್ ಇಲ್ಲ. ಅರ್ಥಿಂಗ್ ಸಿಗುವುದು ಸೆನ್ಸರನ್ನು ತಿರುಗಿಸಿ ಕೂರಿಸುವ ಥ್ರೆಡ್ಡಿನ ಮೂಲಕ. ಹಾಗಾಗಿ ತಣ್ಣನೆಯ ಎಂಜಿನ್ನಿನಲ್ಲಿ ತೆಗೆದ ರೀಡಿಂಗಿಗೆ ಬೆಲೆಯಿಲ್ಲ.

ಎಂಜಿನ್ ಚೆನ್ನಾಗಿ ಕಾದ ಮೇಲೆ ಡಿಜಿಟಲ್ ಮಲ್ಟಿಮೀಟರನ್ನು ಸೆನ್ಸರ್ ವೈರಿಗೆ ಹಿಡಿದು 2000–2500 ಆರ್‌ಪಿಎಂನಲ್ಲಿ ನೋಡಿ. ಥ್ರಾಟಲ್‌ಗೆ ಒಮ್ಮೆ ಜೋರಾಗಿ ರೇಸ್ ಕೊಡಿ, ವೋಲ್ಟೇಜ್ ಮೇಲೇರಬೇಕು. ಐಡಲಿಂಗ್‌ನಲ್ಲಿ ಸಣ್ಣ ವ್ಯಾಕ್ಯೂಮ್ ಪೈಪೊಂದನ್ನು ಕಳಚಿ, ವೋಲ್ಟೇಜ್ ಕೆಳಗಿಳಿಯಬೇಕು. ಎರಡಕ್ಕೂ ಸ್ಪಂದಿಸಿದರೆ ಸೆನ್ಸರ್ ಜೀವಂತವಾಗಿದೆ, ಸತ್ಯವನ್ನೇ ಹೇಳುತ್ತಿದೆ. ಮಿಶ್ರಣವೇ ತಪ್ಪಾಗಿದೆ.

ರೀಡಿಂಗ್ ಕೆಳಗೇ ಕೂತಿದ್ದರೆ ಏರ್‌ಫ್ಲೋ ಮೀಟರಿನಿಂದ ಥ್ರಾಟಲ್‌ಗೆ ಹೋಗುವ ದಪ್ಪ ರಬ್ಬರ್ ಪೈಪನ್ನು ಬಗ್ಗಿಸಿ, ಮಡಿಕೆಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಈ ಎಂಜಿನ್ನಿನ ಮೀಟರಿನಲ್ಲಿ ಗಾಳಿ ಬಾಗಿಲಿನಂಥ ಒಂದು ಪಟವನ್ನು (ಫ್ಲಾಪ್) ತಳ್ಳುತ್ತದೆ. ಪಟ ಎಷ್ಟು ತೆರೆಯಿತು ಎಂಬುದರ ಮೇಲೆ ಪೆಟ್ರೋಲಿನ ಲೆಕ್ಕ. ಪಟ ದಾಟಿದ ಮೇಲೆ ಬಿರುಕಿನಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಸೋರಿದರೂ ಇದೇ ಲಕ್ಷಣ: ಹೊರಗಿನ ಗಾಳಿ ಹೊಗೆಗೆ ಬೆರೆತು ಸೆನ್ಸರನ್ನು ದಾರಿ ತಪ್ಪಿಸುತ್ತದೆ.

ಮೇಲೇ ಕೂತಿದ್ದರೆ ಕೂಲೆಂಟ್ ತಾಪದ ಸೆನ್ಸರಿನ ಮೇಲೆ ನನ್ನ ಮೊದಲ ಅನುಮಾನ. ಕಾದಷ್ಟೂ ಅದರ ರೋಧ ಇಳಿಯಬೇಕು: 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80ರಲ್ಲಿ ಸುಮಾರು 300. ಇಳಿಯದಿದ್ದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ. ರೋಧ ತೀರಾ ತಪ್ಪಿದರೆ ಮಾತ್ರ ಕೋಡ್ 09 ಬರುತ್ತದೆ. ಸ್ವಲ್ಪ ತಪ್ಪಿದರೆ ಬಾರದು. ಕೋಡ್ ಓದುವುದನ್ನಷ್ಟೇ ಕಲಿತವರು ಎಡವುವುದು ಇಲ್ಲಿ.

ರಿಪೇರಿ ಮುಗಿದ ಮೇಲೆ ಡಿಕ್ಕಿಯಲ್ಲಿರುವ ಬ್ಯಾಟರಿಯ ನೆಗೆಟಿವ್ ಕಳಚಿ, ಬ್ರೇಕ್ ಪೆಡಲನ್ನು 20 ಸೆಕೆಂಡ್ ಒತ್ತಿ ಹಿಡಿದರೆ ಕೋಡ್ ಅಳಿಯುತ್ತದೆ. ಕಾರನ್ನು ಪೂರ್ತಿ ಕಾಯುವವರೆಗೆ ಓಡಿಸಿ ಮತ್ತೆ ಓದಿ. ಅಮೆರಿಕದ 1996ರ ಮತ್ತು ನಂತರದ ಕಾರುಗಳಲ್ಲಿ ಸ್ಕ್ಯಾನರಿನಿಂದ ಓದುವ ಓಬಿಡಿ-2 ವ್ಯವಸ್ಥೆ ಇರುವುದರಿಂದ ಈ ವೈರಿನ ಉಪಾಯ ಬೇಕಿಲ್ಲ. ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬುದನ್ನು ನೋಡಿ. ಐಡಲಿಂಗ್‌ನಲ್ಲಿ ಜಾಸ್ತಿ ಪ್ಲಸ್ ಇದ್ದು 2500 ಆರ್‌ಪಿಎಂಗೆ ಹೋದಾಗ ಸೊನ್ನೆಯ ಹತ್ತಿರ ಇಳಿದರೆ, ಗಾಳಿ ಸೋರುವ ಜಾಗ ಹುಡುಕಿ.